ಪ್ಯಾರಾಚೂಟಿನ ಚಪ್ಪರ

ಮೊದಲ ದಿನ: ಲೇಹ್

ಬೆಳಗಿನ ಜಾವ ಚಂಡೀಗಢದಲ್ಲಿ ವಾಯುಪಡೆಯ ವಿಮಾನ ಹತ್ತಿದೆವು. ಸಾಮಾನು ಸಾಗಿಸುವ ದೊಡ್ಡ ವಿಮಾನ ಅದು. ಎರಡೂ ಗೋಡೆಗೆ ಪಟ್ಟಿಯ ಸೀಟು, ನಡುವೆ ಕಪ್ಪು ಟ್ರಂಕು, ಹಾಸಿಗೆ ಸುರುಳಿ, ಪೆಟ್ಟಿಗೆಗಳು. ಪಕ್ಕದವನ ಮಾತು ಕೇಳಿಸದಷ್ಟು ಸದ್ದು. ಒಂದು ಗಂಟೆ ಹಾಗೇ ಕೂತಿದ್ದೆ. ಬಾಗಿಲು ತೆಗೆದಾಗ ಲೇಹ್‌ನ ಬಿಸಿಲು ಕಣ್ಣಿಗೆ ಹೊಡೆಯಿತು.

ಹಿಂದಿನ ವಾರ ಇದೇ ಹೊತ್ತಿಗೆ ನವಲಗುಂದ ತಾಲೂಕಿನ ನಮ್ಮ ಹೊಲದಲ್ಲಿದ್ದೆ. ಹಿಂಗಾರಿ ಜೋಳ ಬಿತ್ತುವ ದಿನಗಳು. ಒಂದೂವರೆ ತಿಂಗಳ ರಜೆ ಬಿತ್ತನೆಯ ನಡುವೆಯೇ ಮುಗಿದುಹೋಯಿತು. ಅವ್ವ ಎಂಬತ್ತು ಕಡಕ್ ರೊಟ್ಟಿ ಬಡಿದು, ಹಳೇ ಪಂಜೆಯಲ್ಲಿ ಸುತ್ತಿ ಕೊಟ್ಟಿದ್ದಳು. ಜೊತೆಗೆ ಶೇಂಗಾ ಚಟ್ನಿ, ಅಗಸಿ ಚಟ್ನಿ. ಬಟ್ಟೆ ಕಡಿಮೆ ಮಾಡಿ ರೊಟ್ಟಿಗೆ ಜಾಗ ಮಾಡಿಕೊಂಡೆ. ಒಂದೂ ಮುರಿಯಬಾರದು ಅಂತ ಆ ಚೀಲವನ್ನು ಮಾತ್ರ ತೊಡೆ ಮೇಲಿಂದ ಇಳಿಸಲಿಲ್ಲ.

ನಾನು ಸೇನೆಯ ವೈದ್ಯಕೀಯ ದಳದವನು, ನರ್ಸಿಂಗ್ ಅಸಿಸ್ಟೆಂಟ್. ಲಖನೌದಲ್ಲಿ ತರಬೇತಿ. ಈಗ ಸಿಯಾಚಿನ್‌ನಲ್ಲಿರುವ ಒಂದು ಪಲ್ಟನ್ ಜೊತೆ ಇದ್ದೇನೆ. ಬೇರೆಯವರಿಗೆ ಲೇಹ್‌ನಲ್ಲಿ ಸುಮ್ಮನೆ ಮಲಗಿ ಅಂತ ಹೇಳುವ ಕೆಲಸ ನನ್ನದು. ಆದರೆ ರಜೆಯಿಂದ ಬಂದಾಗ ನಾನೂ ಮಲಗಲೇಬೇಕು. ಲೇಹ್ ಸುಮಾರು 11,500 ಅಡಿ ಎತ್ತರದಲ್ಲಿದೆ. ಇಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ನಮ್ಮ ಕಡೆಯ ಮೂರರಲ್ಲಿ ಎರಡು ಪಾಲು ಅಷ್ಟೇ. ತಿಂಗಳಿಗಿಂತ ಜಾಸ್ತಿ ಕೆಳಗಿದ್ದು ಬಂದವರಿಗೆ ಆರು ದಿನ ಕಡ್ಡಾಯ. ಮೊದಲೆರಡು ದಿನ ಪೂರ್ತಿ ವಿಶ್ರಾಂತಿ. ಆಮೇಲೆ ಎರಡು ದಿನ ಸಮತಟ್ಟಿನಲ್ಲಿ ನಿಧಾನ ನಡಿಗೆ. ಕೊನೆಯ ಎರಡು ದಿನ ಸ್ವಲ್ಪ ಏರು.

ಇದನ್ನು ಸುಲಭಕ್ಕೆ ತೆಗೆದುಕೊಳ್ಳುವ ಗಟ್ಟಿ ಹುಡುಗರೇ ಮೊದಲು ಬೀಳುತ್ತಾರೆ. ನಾವು ಹೇಪೋ ಅನ್ನುತ್ತೇವೆ. ಶ್ವಾಸಕೋಶದಲ್ಲಿ ನೀರು ತುಂಬಿಕೊಳ್ಳುತ್ತದೆ. ಸಂಜೆ ಒಣಕೆಮ್ಮು ಶುರುವಾಗಿ ಬೆಳಗಾಗುವುದರೊಳಗೆ ಉಸಿರಿನಲ್ಲಿ ಗೊರಗೊರ ಸದ್ದು. ಬೇಗ ಕೆಳಗಿಳಿಸಬೇಕು, ಇಲ್ಲವಾದರೆ ಉಳಿಯುವುದಿಲ್ಲ. ಓಡುವುದರಲ್ಲಿ ಮೊದಲು ಬಂದವನು, ಕುಸ್ತಿ ಮಾಡಿದವನು ಎಂಬ ಲೆಕ್ಕ ಇಲ್ಲಿಲ್ಲ.

ಆ ಆರು ದಿನದ ಬಗ್ಗೆ ಬರೆಯಲು ಬೇರೇನೂ ಇಲ್ಲ. ಮಲಗಿದೆ, ನೀರು ಕುಡಿದೆ, ನಡೆದೆ. ಮನೆಗೆ ದಿನಾ ಫೋನ್ ಮಾಡಿದೆ.

ಏಳನೇ ದಿನ: ಖಾರ್ದುಂಗ್ ಲಾ ದಾಟಿ

ಕತ್ತಲಿರುವಾಗಲೇ ಕಾನ್ವಾಯ್, ಅಂದರೆ ಸೇನೆಯ ಲಾರಿಗಳ ಸಾಲು, ಹೊರಟಿತು. ಬೆಟ್ಟಸಾಲು ದಾಟುವ ದಾರಿ ಖಾರ್ದುಂಗ್ ಲಾ, ಲೇಹ್‌ನಿಂದ ಸುಮಾರು 39 ಕಿಲೋಮೀಟರ್. ಎತ್ತರ 17,500 ಅಡಿ ದಾಟುತ್ತದೆ. ಕೊನೆಯ ತಿರುವುಗಳಲ್ಲಿ ಚಕ್ರಕ್ಕೆ ಸರಪಳಿ ಕಟ್ಟಿದರು. ಹಿಂದಿನ ರಾತ್ರಿ ಹಿಮ ಬಿದ್ದಿತ್ತು. ಡ್ರೈವರ್ ಗಢವಾಲದವನು, ಮಾತೇ ಆಡಲಿಲ್ಲ. ರಸ್ತೆಯ ಮೇಲೆ ಕಣ್ಣು ನೆಟ್ಟವರ ಜೊತೆ ನಾವೂ ಮಾತಾಡಬಾರದು.

ಮೇಲೆ ಐದು ನಿಮಿಷ ನಿಂತೆವು. ಪ್ರಾರ್ಥನೆಯ ಬಣ್ಣದ ಬಾವುಟಗಳು ಗಾಳಿಗೆ ಪಟಪಟ ಬಡಿಯುತ್ತಿದ್ದವು. ಆಚೆ ಕಡೆ ಇಳಿಯುತ್ತಾ ಹೋದಂತೆ ನುಬ್ರಾ ಕಣಿವೆ ತೆರೆದುಕೊಂಡಿತು. ಕೆಳಗೆ ಶ್ಯೋಕ್ ನದಿಯ ಅಗಲವಾದ ಮರಳು. ದಂಡೆಯಲ್ಲಿ ಹಳದಿಗೆ ತಿರುಗಿದ ಪಾಪ್ಲರ್ ಮರಗಳು. ಹಸಿರೇ ಇಲ್ಲದ ಬೆಟ್ಟಗಳ ನಡುವೆ ಆ ಹಳದಿ ಎಷ್ಟು ಹೊತ್ತು ನೋಡಿದರೂ ಸಾಲದು. ಡಿಸ್ಕಿಟ್ ಹತ್ತಿರ ಗುಡ್ಡದ ಮೇಲೆ 32 ಮೀಟರ್ ಎತ್ತರದ ಮೈತ್ರೇಯ ಬುದ್ಧ ಕೂತಿದ್ದಾನೆ. ಲಾರಿಯ ಹಿಂದೆ ಕೂತ ಎಲ್ಲರೂ ಕೈ ಮುಗಿದರು. ಅದರಲ್ಲಿ ಸರ್ದಾರರೂ ಇದ್ದರು, ತಮಿಳರೂ ಇದ್ದರು.

ರಾತ್ರಿ ಪರ್ತಾಪುರದಲ್ಲಿ ತಂಗಿದೆವು. ಅಲ್ಲಿಯೇ ಸುದ್ದಿ ಸಿಕ್ಕಿತು. "ಬೇಸ್ ಕ್ಯಾಂಪಿಗೆ ವಿಸಿಟ್ ಇದೆ. ನಾಡಿದ್ದು."

ಎಂಟನೇ ದಿನ: ಬೇಸ್ ಕ್ಯಾಂಪ್

ಪನಾಮಿಕ್, ಬಿಸಿನೀರಿನ ಬುಗ್ಗೆಯ ಊರು. ಅದರಾಚೆ ವಾರ್ಶಿ. ಅಲ್ಲಿಂದ ಮುಂದೆ ಊರುಗಳಿಲ್ಲ. ನುಬ್ರಾ ನದಿಯನ್ನು ಹಿಡಿದು ಹೋದರೆ ಅದು ಹುಟ್ಟುವ ಜಾಗವೇ ಸಿಯಾಚಿನ್‌ನ ಬಾಯಿ. ಕಪ್ಪು ಮಣ್ಣು ಮೆತ್ತಿದ ಮಂಜುಗಡ್ಡೆಯ ಗೋಡೆ, ಅದರ ಬುಡದಿಂದ ಬೂದಿ ಬಣ್ಣದ ನೀರು. ಇಲ್ಲಿಂದ 76 ಕಿಲೋಮೀಟರ್ ಉದ್ದಕ್ಕೆ ಹಿಮನದಿ ಮಲಗಿದೆ. 'ಸಿಯಾ' ಅಂದರೆ ಕಾಡುಗುಲಾಬಿಯಂತೆ. ಗುಲಾಬಿಗಳ ಜಾಗ. ಕೆಳಗಿನ ಕಣಿವೆಯಲ್ಲಿ ಬೇಸಿಗೆಯಲ್ಲಿ ಆ ಪೊದೆಗಳು ನಿಜಕ್ಕೂ ಹೂ ಬಿಡುತ್ತವೆ. ನಾನು ನೋಡಿದ್ದೇನೆ.

1984ರ ಏಪ್ರಿಲ್ 13ರಂದು ನಮ್ಮ ಸೇನೆಯವರು ಹಿಮನದಿಯ ಮೇಲೆ ಹೋದರು. ಅಂದಿನಿಂದ ಇವತ್ತಿನವರೆಗೆ ಒಂದು ದಿನವೂ ಆ ಜಾಗ ಬರಿದಾಗಿಲ್ಲ. 2003ರ ನವೆಂಬರ್‌ನಲ್ಲಿ ಪಾಕಿಸ್ತಾನದ ಜೊತೆ ಕದನ ವಿರಾಮ ಬಂದ ಮೇಲೆ ಗುಂಡಿನ ಸದ್ದು ನಿಂತಿತು. ಆದರೆ ಇಲ್ಲಿ ಗುಂಡಿಗಿಂತ ಹಿಮಕ್ಕೆ, ಚಳಿಗೆ, ಎತ್ತರಕ್ಕೆ ಹೋದವರೇ ಮೊದಲಿಂದಲೂ ಜಾಸ್ತಿ.

ಕ್ಯಾಂಪಿನಲ್ಲಿ ವಿಸಿಟ್‌ನ ಗಡಿಬಿಡಿ ಜೋರಾಗಿತ್ತು. ದಾರಿ ಬದಿಯ ಕಲ್ಲುಗಳಿಗೆ ಸುಣ್ಣ ಹಚ್ಚುತ್ತಿದ್ದರು. ಹೆಲಿಪ್ಯಾಡಿನ ಧೂಳು ಏಳದಂತೆ ನೀರು ಚಿಮುಕಿಸಿದರೆ ಅದು ಬೆಳಗ್ಗೆ ಮಂಜುಗಡ್ಡೆಯಾಗಿ ಜಾರುತ್ತದೆ. ಹಾಗಾಗಿ ಪೊರಕೆ ಹಿಡಿದು ಗುಡಿಸುತ್ತಿದ್ದರು. ಸಂಜೆಯ ಕಾರ್ಯಕ್ರಮಕ್ಕೆ ಚಪ್ಪರ ಬೇಕಲ್ಲ, ಅದಕ್ಕೆ ಪ್ಯಾರಾಚೂಟ್. ಮೇಲಿನ ಠಾಣೆಗಳಿಗೆ ವಿಮಾನದಿಂದ ಸಾಮಾನು ಉದುರಿಸುವಾಗ ಬಳಸಿದ ಹಳೇ ಪ್ಯಾರಾಚೂಟುಗಳು ಇಲ್ಲಿ ಎಲ್ಲದಕ್ಕೂ ಬರುತ್ತವೆ. ಪರದೆಗೆ, ಹೊದಿಕೆಗೆ, ಗುಡಿಯ ಅಲಂಕಾರಕ್ಕೆ. ನಾಲ್ಕು ಪ್ಯಾರಾಚೂಟು ಸೇರಿಸಿ ಹೊಲಿದು, ಕಂಬ ನೆಟ್ಟು, ಹಗ್ಗ ಬಿಗಿದರು. ಬಿಸಿಲು ಅದರೊಳಗಿಂದ ಹಾಯ್ದು ಬಂದಾಗ ನಮ್ಮೂರ ಜಾತ್ರೆಯ ಪೆಂಡಾಲೇ ನೆನಪಾಯಿತು.

ಇದನ್ನೆಲ್ಲ ಹೊರಗಿನವರು ಬರೀ ತೋರಿಕೆ ಅಂದುಕೊಳ್ಳಬಹುದು. ನನಗೆ ಹಾಗನ್ನಿಸುವುದಿಲ್ಲ. ಮನೆಗೆ ನೆಂಟರು ಬರುತ್ತಾರೆ ಅಂದರೆ ಅವ್ವ ಅಂಗಳ ಸಾರಿಸುವುದಿಲ್ಲವೇ? ಮೂರು ತಿಂಗಳು ಅದೇ ಆರೇಳು ಮುಖ ನೋಡಿದವರಿಗೆ ಹೊಸಬರೊಬ್ಬರು ಬರುತ್ತಾರೆ ಅನ್ನುವುದೇ ಹಬ್ಬ.

ಆರೋಗ್ಯ ಕೇಂದ್ರಕ್ಕೆ ಹೋಗಿ ಹಾಜರಾದೆ. ಐದು ಹಾಸಿಗೆಗಳಲ್ಲಿ ಮೂರರಲ್ಲಿ ಜನ ಇದ್ದರು. ಕಿಟಕಿ ಬದಿಯ ಹಾಸಿಗೆಯಲ್ಲಿದ್ದವನು ಹಾಸನ ಜಿಲ್ಲೆಯ ಹುಡುಗ. ವಯಸ್ಸು ಇಪ್ಪತ್ತಮೂರು. ಮೇಲಿನ ಠಾಣೆಯಿಂದ ಎರಡು ದಿನದ ಹಿಂದೆ ಇಳಿಸಿ ತಂದಿದ್ದರು. ಎಡಗೈಯ ಎರಡು ಬೆರಳು ಹಿಮಕಡಿತಕ್ಕೆ ಸಿಕ್ಕಿದ್ದವು. ಕಟ್ಟಿಕೊಂಡ ಹಗ್ಗದ ಗಂಟು ಹೆಪ್ಪುಗಟ್ಟಿ ಬಿಚ್ಚಲಾಗದೆ ಕೈಗವಸು ತೆಗೆದಿದ್ದನಂತೆ. ಎಷ್ಟು ಹೊತ್ತು ಅಂತ ಅವನಿಗೇ ಗೊತ್ತಿಲ್ಲ. ಬಲಗೈಯಲ್ಲೂ ಗುಳ್ಳೆ ಎದ್ದು ಎರಡೂ ಕೈಗೆ ಪಟ್ಟಿ ಸುತ್ತಿದ್ದರು. ಲೇಹ್ ಆಸ್ಪತ್ರೆಗೆ ಕಳಿಸಬೇಕಿತ್ತು. ಹವೆ ಕೆಟ್ಟು ಹಾರಾಟ ನಿಂತಿತ್ತು.

"ಅಣ್ಣ, ಕನ್ನಡದೋರಾ?" ಎಂದ. ನಾನು ಹೌದು ಎಂದ ತಕ್ಷಣ ಅವನ ಪ್ರಶ್ನೆ, "ಬೆರಳು ತೆಗೀತಾರಾ?"

ಗೊತ್ತಿದ್ದನ್ನೇ ಹೇಳಿದೆ. ಹಿಮಕಡಿತದಲ್ಲಿ ಯಾರೂ ಅವಸರ ಮಾಡುವುದಿಲ್ಲ. ಯಾವ ಭಾಗ ಬದುಕುತ್ತದೆ, ಯಾವುದು ಇಲ್ಲ ಅನ್ನುವುದು ತಿಳಿಯಲು ವಾರಗಟ್ಟಲೆ ಬೇಕು, ಕೆಲವು ಸಲ ತಿಂಗಳುಗಳೇ ಬೇಕು. ಮೊದಮೊದಲು ಕಪ್ಪಾಗಿ ಕಂಡದ್ದೆಲ್ಲ ಸತ್ತಿರಬೇಕೆಂದಿಲ್ಲ. ಅವನು ಗಮನ ಇಟ್ಟು ಕೇಳಿದ. ಆಮೇಲೆ ಗೋಡೆ ಕಡೆ ತಿರುಗಿದ. ಅವ್ವನ ರೊಟ್ಟಿ ಮುರಿದು, ಚಟ್ನಿಯನ್ನು ಬಿಸಿ ದಾಲಿನಲ್ಲಿ ಕಲಸಿ ತಿನ್ನಿಸಿದೆ. "ನಮ್ಕಡೆ ಮುದ್ದೆ ಅಣ್ಣ. ಇದು ಹಲ್ಲಿಗೆ ಕೆಲಸ" ಎಂದ. ಎರಡು ರೊಟ್ಟಿ ತಿಂದ.

ಸಂಜೆ ಕಲಾವಿದರ ತಂಡ ರಸ್ತೆಯಿಂದ ಬಂತು. ದೆಹಲಿ ಕಡೆಯವರು. ಇಬ್ಬರು ಗಾಯಕಿಯರು, ಒಬ್ಬ ಗಾಯಕ, ಕೀಬೋರ್ಡ್, ಢೋಲಕ್. ಲೇಹ್‌ನಲ್ಲಿ ನಾಲ್ಕೇ ದಿನ ಇದ್ದು ಬಂದಿದ್ದರು. ಬಸ್ಸಿನಿಂದ ಇಳಿದ ಢೋಲಕ್‌ನವನ ಮುಖದ ಬಣ್ಣ ನೋಡಿಯೇ ನನಗೆ ಗೊತ್ತಾಯಿತು. ಅವನು ಚಹಾ ಕೂಡ ಕುಡಿಯಲಿಲ್ಲ.

ಒಂಬತ್ತನೇ ದಿನ: ವಿಸಿಟ್

ಬಂದ ಅತಿಥಿಯ ಹೆಸರು ಬರೆಯುವುದಿಲ್ಲ. ನಮ್ಮ ಕೆಲಸದಲ್ಲಿ ಅದೊಂದು ಶಿಸ್ತು. ದೆಹಲಿಯಿಂದ ಬಂದ ಹಿರಿಯರು ಅಂತ ಇಟ್ಟುಕೊಳ್ಳಿ.

ಇಲ್ಲಿಗೆ ದೊಡ್ಡವರು ಬಂದದ್ದು ಇದು ಮೊದಲಲ್ಲ. ರಾಷ್ಟ್ರಪತಿಯಾಗಿದ್ದ ಅಬ್ದುಲ್ ಕಲಾಂ ಅವರು 2004ರ ಏಪ್ರಿಲ್‌ನಲ್ಲಿ ಬಂದಿದ್ದರು, ಸಿಯಾಚಿನ್‌ಗೆ ಬಂದ ಮೊದಲ ರಾಷ್ಟ್ರಪತಿ. ದ್ರೌಪದಿ ಮುರ್ಮು ಅವರು 2024ರ ಸೆಪ್ಟೆಂಬರ್‌ನಲ್ಲಿ ಬೇಸ್ ಕ್ಯಾಂಪಿಗೆ ಬಂದರು. ಆದರೆ ಹಳೇ ಸುಬೇದಾರರನ್ನು ಕೇಳಿದರೆ ಅವರು ಹೇಳುವ ಹೆಸರು ನಮ್ಮ ಮಂಗಳೂರಿನವರದು. ಜಾರ್ಜ್ ಫರ್ನಾಂಡಿಸ್. ರಕ್ಷಣಾ ಮಂತ್ರಿಯಾಗಿದ್ದಾಗ ಅವರು ಇಲ್ಲಿಗೆ ಮತ್ತೆ ಮತ್ತೆ ಬಂದರು. ಹಿಮದ ಮೇಲೆ ಓಡುವ ಸ್ಕೂಟರಿನ ಕಡತ ತಡಮಾಡಿದ ಅಧಿಕಾರಿಗಳನ್ನು, ಹೋಗಿ ನೋಡಿ ಬನ್ನಿ ಅಂತ ಸಿಯಾಚಿನ್‌ಗೇ ಕಳಿಸಿದ ಕಥೆ ಇಲ್ಲಿನ ಪ್ರತಿ ಲಂಗರಿನಲ್ಲೂ, ಅಂದರೆ ಸೈನಿಕರ ಅಡುಗೆಮನೆಯಲ್ಲೂ, ಕೇಳಸಿಗುತ್ತದೆ. ಒಮ್ಮೆ ಬಂದವರು ಫೋಟೋದಲ್ಲಿ ಉಳಿಯುತ್ತಾರೆ. ಮತ್ತೆ ಬಂದವರನ್ನು ಜನ ಬಾಯಲ್ಲಿ ಉಳಿಸಿಕೊಳ್ಳುತ್ತಾರೆ.

ಏಳು ಗಂಟೆಗೆ ಎಲ್ಲರೂ ಸಾಲು ನಿಂತೆವು. ಎಂಟಕ್ಕೆ ಬರಬೇಕಿತ್ತು. ಮೋಡ ಇಳಿದಿತ್ತು. ಎಂಟೂವರೆ, ಒಂಬತ್ತು. ಕಾಲು ಜೋಮು ಹಿಡಿಯದಂತೆ ಬೂಟಿನೊಳಗೇ ಬೆರಳು ಆಡಿಸುತ್ತಾ ನಿಂತಿದ್ದೆವು. ನನ್ನ ಬೆನ್ನಿಗೆ ಆಮ್ಲಜನಕದ ಸಣ್ಣ ಸಿಲಿಂಡರ್. ಅತಿಥಿ ಹೋದಲ್ಲೆಲ್ಲ ನಾಲ್ಕು ಹೆಜ್ಜೆ ಹಿಂದೆ ನಾನಿರಬೇಕು. ಒಂಬತ್ತೂ ಇಪ್ಪತ್ತಕ್ಕೆ ಕಣಿವೆಯ ತಿರುವಿನಲ್ಲಿ ರೆಕ್ಕೆಯ ಸದ್ದು ಕೇಳಿಸಿತು. ಧ್ರುವ್ ಹೆಲಿಕಾಪ್ಟರ್. ಅದರ ಹಿಂದೆ ಮೇಲಿನ ಠಾಣೆಗಳಿಗೆ ಹೋಗುವ ಚೀತಾ. ಎರಡೂ ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಹುಟ್ಟಿದವು. ಚೀತಾ ನೋಡಲು ಚಿಕ್ಕದು, ಹಳೆಯದು. ಆದರೆ ಅಷ್ಟು ತೆಳು ಗಾಳಿಯಲ್ಲಿ, ಒಂದು ಕೋಣೆಯಷ್ಟು ಜಾಗದಲ್ಲಿ ಇಳಿದು ಎಷ್ಟು ಜನರನ್ನು ಉಳಿಸಿದೆಯೋ. ಅದರ ಸದ್ದು ಕೇಳಿದರೆ ಇಲ್ಲಿ ಯಾರಾದರೂ ತಲೆ ಎತ್ತಿ ನೋಡದೆ ಇರುವುದಿಲ್ಲ.

ಮೊದಲು ಸ್ಮಾರಕ. ಅತಿಥಿ ಹೂವಿನ ಚಕ್ರ ಇಟ್ಟರು. ಬ್ಯೂಗಲ್ ಊದಿದರು. ಹಿಂದೆ ಹಿಮನದಿಯ ಬಾಯಿ, ಮುಂದೆ ಹೆಸರುಗಳು. ಸಾವಧಾನದಲ್ಲಿ ನಿಂತಾಗ ನನ್ನ ಮನಸ್ಸಿಗೆ ಯಾವಾಗಲೂ ಬರುವುದು 2016. ಫೆಬ್ರವರಿ 3ರಂದು ಸುಮಾರು 19,600 ಅಡಿ ಎತ್ತರದ ಸೋನಂ ಠಾಣೆಯ ಮೇಲೆ ಹಿಮದ ಗೋಡೆ ಕುಸಿಯಿತು. ಮದ್ರಾಸ್ ರೆಜಿಮೆಂಟಿನ ಹತ್ತು ಮಂದಿ ಅಡಿಯಲ್ಲಿ ಸಿಕ್ಕಿಕೊಂಡರು. ಮೂವರು ನಮ್ಮ ರಾಜ್ಯದವರು. ಹಾಸನ ಕಡೆಯ ಸುಬೇದಾರ್ ನಾಗೇಶ್, ಎಚ್.ಡಿ. ಕೋಟೆಯ ಮಹೇಶ್, ಕುಂದಗೋಳ ತಾಲೂಕು ಬೆಟದೂರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ. ಆರನೇ ದಿನ ಹಿಮ ಅಗೆದಾಗ ಹನುಮಂತಪ್ಪ ಇನ್ನೂ ಉಸಿರಾಡುತ್ತಿದ್ದರು. ದೆಹಲಿಯ ಸೇನಾ ಆಸ್ಪತ್ರೆಗೆ ಒಯ್ದರು. ಫೆಬ್ರವರಿ 11ಕ್ಕೆ ಹೋದರು.

ಬೆಟದೂರು ನಮ್ಮ ಜಿಲ್ಲೆಯದೇ. ಆಗ ನಾನು ಪಿಯುಸಿ ಓದುತ್ತಿದ್ದೆ. ಅವರು ಆಸ್ಪತ್ರೆಯಲ್ಲಿದ್ದ ಆ ಮೂರು ದಿನ ನಮ್ಮೂರಲ್ಲಿ ಯಾರೂ ಟಿವಿ ಆರಿಸಲಿಲ್ಲ. ಗುಡಿಯಲ್ಲಿ, ಮಸೀದಿಯಲ್ಲಿ ಬೇಡಿಕೊಂಡರು. ನಾನು ವೈದ್ಯಕೀಯ ದಳಕ್ಕೇ ಅರ್ಜಿ ಹಾಕಿದ್ದು ಆ ಮೂರು ದಿನದಿಂದ. ಆರು ದಿನ ಹಿಮದಡಿ ಉಸಿರು ಹಿಡಿದವರನ್ನು ಆಮೇಲೆ ಹಿಡಿದುಕೊಳ್ಳುವ ಕೈಗಳಲ್ಲಿ ನನ್ನದೂ ಒಂದಿರಲಿ ಅನ್ನಿಸಿತ್ತು.

ಸ್ಮಾರಕದ ನಂತರ ಓಪಿ ಬಾಬಾನ ಗುಡಿ. ಓಂ ಪ್ರಕಾಶ್ ಎಂಬ ಸೈನಿಕ ಒಬ್ಬನೇ ಠಾಣೆ ಕಾದು ಅಲ್ಲೇ ಉಳಿದುಹೋದ ಎಂಬ ನಂಬಿಕೆ. ಮೇಲೆ ಹೋಗುವ ಪ್ರತಿ ತುಕಡಿ ಇಲ್ಲಿ ನಿಂತು, ಇಷ್ಟು ಜನ, ಇಂಥ ಠಾಣೆಗೆ, ಅಪ್ಪಣೆ ಕೊಡಿ ಅಂತ ವರದಿ ಒಪ್ಪಿಸುತ್ತದೆ. ಇಳಿದು ಬಂದ ಮೇಲೂ ಅಷ್ಟೇ. ಅತಿಥಿಯೂ ಬೂಟು ಕಳಚಿ ಒಳಗೆ ಹೋದರು. ಆ ಚಳಿಯಲ್ಲಿ ಬೂಟು ಕಳಚುವುದು ಸಣ್ಣ ಮಾತಲ್ಲ.

ಭಾಷಣ ಚಪ್ಪರದಲ್ಲಿ. ಒಳ್ಳೆಯ ಮಾತುಗಳೇ. ಮಧ್ಯೆ ಎರಡು ಸಲ ಉಸಿರಿಗೆ ನಿಲ್ಲಿಸಿದರು. ನಾನು ಒಂದು ಹೆಜ್ಜೆ ಮುಂದಿಟ್ಟೆ. ಬೇಡ ಅಂತ ಬೆರಳಲ್ಲೇ ತೋರಿಸಿದರು. ಆಮೇಲೆ ಚಹಾ, ಪಕೋಡ, ಜವಾನರ ಜೊತೆ ಮಾತು. "ಏನಾದರೂ ತೊಂದರೆ?" "ಸಬ್ ಠೀಕ್ ಹೈ, ಸರ್." "ಊಟ?" "ಬಹುತ್ ಅಚ್ಛಾ, ಸರ್." ಸಾಲಿನ ಈ ತುದಿಯಿಂದ ಆ ತುದಿಯವರೆಗೆ ಅದೇ ಉತ್ತರ. ಸುಳ್ಳು ಅಂತಲ್ಲ. ಊಟ ನಿಜಕ್ಕೂ ಚೆನ್ನಾಗಿದೆ. ಮೈಸೂರಿನ ರಕ್ಷಣಾ ಆಹಾರ ಪ್ರಯೋಗಾಲಯದವರು ಕಂಡುಹಿಡಿದ ವಿಧಾನದಿಂದ ಉಪ್ಪಿಟ್ಟು, ಪಲಾವ್ ಕೂಡ ಪ್ಯಾಕೆಟ್ಟಿನಲ್ಲಿ ಬರುತ್ತವೆ. ಆದರೆ ಮೇಲೆ ಹಸಿವೇ ಆಗುವುದಿಲ್ಲ. ನಾಲಿಗೆಗೆ ಎಲ್ಲವೂ ಒಂದೇ. ಮೊಟ್ಟೆ ಕಲ್ಲಾಗುತ್ತದೆ, ಆಲೂಗಡ್ಡೆ ಸುತ್ತಿಗೆಗೂ ಬಗ್ಗುವುದಿಲ್ಲ. ನಿದ್ದೆ ಬರುವುದಿಲ್ಲ. ಇದನ್ನು ನಿಂತುಕೊಂಡು, ಕೈಯಲ್ಲಿ ಚಹಾ ಕಪ್ಪು ಹಿಡಿದು, ಅರ್ಧ ನಿಮಿಷದಲ್ಲಿ ಹೇಗೆ ಹೇಳುವುದು?

ಕೊನೆಗೆ ನಮ್ಮ ವಾರ್ಡು. ವೇಳಾಪಟ್ಟಿಯಲ್ಲಿ ಅದಕ್ಕೆ ಮೂರು ನಿಮಿಷ ಇತ್ತು. ಮೊದಲ ಇಬ್ಬರ ಹತ್ತಿರ ನಿಂತು ಮಾತಾಡಿ, ಹಾಸನದ ಹುಡುಗನ ಹತ್ತಿರ ಬಂದರು.

"ಹೇಗಿದ್ದೀಯಾ ಮಗನೇ?"

"ಸಬ್ ಠೀಕ್ ಹೈ, ಸರ್."

ಎರಡೂ ಕೈಗೆ ಪಟ್ಟಿ ಸುತ್ತಿಕೊಂಡವನು ಹೇಳಿದ ಮಾತು. ಅತಿಥಿ ಸುತ್ತ ನೋಡಿದರು. ನಾವು ಡ್ರೆಸ್ಸಿಂಗ್ ಮಾಡುವಾಗ ಕೂರುವ ಕಬ್ಬಿಣದ ಸ್ಟೂಲು ಮೂಲೆಯಲ್ಲಿತ್ತು. ತಾವೇ ಎಳೆದುಕೊಂಡು ಕೂತರು. ಹಿಂದೆ ನಿಂತ ಅಧಿಕಾರಿಗಳು ಗಡಿಯಾರ ನೋಡಿಕೊಂಡರು. ಮಧ್ಯಾಹ್ನದ ಗಾಳಿ ಎದ್ದರೆ ಹಾರುವುದು ಕಷ್ಟ. ಅದು ಅವರಿಗೂ ಗೊತ್ತಿತ್ತು.

"ಮನೆಯಲ್ಲಿ ಗೊತ್ತಾ?" ಎಂದರು.

ಹುಡುಗ ಸುಮ್ಮನಿದ್ದ. ಅವರೂ ಸುಮ್ಮನಿದ್ದರು. ಕೋಣೆ ಬೆಚ್ಚಗಿಡುವ ಬುಖಾರಿ ಒಲೆಯೊಳಗೆ ಸೀಮೆಎಣ್ಣೆ ತೊಟ್ಟಿಕ್ಕುವ ಸದ್ದು ಬಿಟ್ಟರೆ ಬೇರೇನೂ ಇಲ್ಲ.

"ಇಲ್ಲ ಸರ್. ಅಮ್ಮಂಗೆ ಹೇಳಿಲ್ಲ." ಅಮ್ಮ ಅನ್ನುವ ಪದ ಮಾತ್ರ ಕನ್ನಡದಲ್ಲೇ ಬಂತು.

ಹೇಳು ಅನ್ನಲಿಲ್ಲ, ಹೇಳಬೇಡ ಅನ್ನಲಿಲ್ಲ. ಅಮ್ಮ ಏನು ಮಾಡುತ್ತಾರೆ, ಎಷ್ಟು ಜಮೀನು, ಏನು ಬೆಳೆ ಅಂತ ಕೇಳಿದರು. ಆಲೂಗಡ್ಡೆ, ಜೋಳ, ಎರಡು ಹಸು. ಒಟ್ಟು ಎಂಟೊಂಬತ್ತು ನಿಮಿಷ ಕೂತಿದ್ದರು. ನಾನು ಐದಾರು ವಿಸಿಟ್ ನೋಡಿದ್ದೇನೆ. ಕೂತವರು ಇವರೊಬ್ಬರೇ. ಬರಲಿ, ಎಲ್ಲರೂ ಬರಲಿ. ಬಂದವರು ಒಂದು ಸ್ಟೂಲು ಎಳೆದುಕೊಂಡು ಕೂರಲಿ. ನಿಂತವರಿಗೆ ಇಲ್ಲಿ ಸಿಗುವ ಉತ್ತರ ಒಂದೇ.

ಹನ್ನೊಂದೂವರೆಗೆ ಹೆಲಿಕಾಪ್ಟರ್ ಎದ್ದಿತು. ಸುಣ್ಣ ಹಚ್ಚಿದ ಕಲ್ಲುಗಳ ಮೇಲೆಲ್ಲ ಧೂಳು ಕೂತಿತು.

ಅದೇ ದಿನ, ಸಂಜೆ

ಮಧ್ಯಾಹ್ನ ಪೂರ್ತಿ ನಾನು ಕಲಾವಿದರ ಹತ್ತಿರವೇ ಇದ್ದೆ. ಢೋಲಕ್‌ನವನಿಗೆ ತಲೆ ಸಿಡಿಯುವ ನೋವು, ನಾಲ್ಕು ಸಲ ವಾಂತಿ. ಡಾಕ್ಟರ್ ಸಾಬ್ ನೋಡಿ, ಇನ್ನು ಎತ್ತರ ಬೇಡ, ಇವತ್ತೇ ಕೆಳಗೆ ಕಳಿಸಿ ಎಂದರು. ಗಾಯಕನನ್ನೂ ಜೊತೆಗೆ ಕಳಿಸಿದೆವು. ಉಳಿದವರು ಇಬ್ಬರು ಗಾಯಕಿಯರು, ಕೀಬೋರ್ಡಿನವನು. ಹಿರಿಯ ಗಾಯಕಿಗೂ ತಲೆನೋವಿತ್ತು. ಪರೀಕ್ಷಿಸಿದಾಗ ಅಪಾಯ ಕಾಣಲಿಲ್ಲ. "ಅಕ್ಕಾ, ನೀವು ಹಾಡದಿದ್ದರೂ ಯಾರೂ ತಪ್ಪು ತಿಳಿಯೋದಿಲ್ಲ" ಎಂದೆ ಹಿಂದಿಯಲ್ಲಿ. ಅವರು, "ಕೂತುಕೊಂಡು ಹಾಡಬಹುದಾ?" ಎಂದರು.

ಸೈನಿಕರಿಗೆ ಹಾಡಲು ಬರುವುದು ನಮ್ಮ ದೇಶದಲ್ಲಿ ಹಳೇ ರೂಢಿ. ಸುನಿಲ್ ದತ್, ನರ್ಗಿಸ್ ತಮ್ಮ ತಂಡ ಕಟ್ಟಿಕೊಂಡು ದೂರದ ಗಡಿಗಳಿಗೆ ಹೋಗುತ್ತಿದ್ದರು. ಬರಲಾಗದ ಕಡೆಗೆ ರೇಡಿಯೋ ಹೋಗುತ್ತಿತ್ತು. ವಿವಿಧ ಭಾರತಿಯಲ್ಲಿ ಫೌಜಿಗಳಿಗಾಗಿಯೇ ಬರುವ ಜಯಮಾಲಾ ಕಾರ್ಯಕ್ರಮ ಕೇಳುತ್ತಾ ಬೆಳೆದ ತಲೆಮಾರಿನ ಸುಬೇದಾರರು ನಮ್ಮಲ್ಲಿ ಇನ್ನೂ ಇದ್ದಾರೆ. ಈಗ ಫೋನಿನಲ್ಲಿ ಎಲ್ಲವೂ ಸಿಗುತ್ತದೆ, ಆದರೂ ಎದುರಿಗೆ ಒಬ್ಬರು ಕೂತು ಹಾಡುವುದು ಬೇರೆಯೇ.

ಆರು ಗಂಟೆಗೆ ಚಪ್ಪರ ತುಂಬಿತು. ಅಂಚಿನಲ್ಲಿ ನುಬ್ರಾ ಕಣಿವೆಯ ಪೋರ್ಟರುಗಳು. ಅವರಿಲ್ಲದೆ ಮೇಲಿನ ಯಾವ ಠಾಣೆಗೂ ಒಂದು ಡಬ್ಬಿ ಎಣ್ಣೆ ಹೋಗುವುದಿಲ್ಲ. ಮೊನ್ನೆಯಷ್ಟೇ ಮೂರು ತಿಂಗಳ ಸರದಿ ಮುಗಿಸಿ ಇಳಿದ ತುಕಡಿ ಹಿಂದಿನ ಸಾಲಿನಲ್ಲಿತ್ತು. ಗಡ್ಡ ತೆಗೆದ ಮುಖಗಳು. ಕನ್ನಡಕ ಮುಚ್ಚಿದ ಜಾಗ ಬಿಳಿ, ಉಳಿದದ್ದು ಸುಟ್ಟ ಕಪ್ಪು. ಅವರು ಗುಂಪಿನಿಂದ ಸ್ವಲ್ಪ ದೂರವೇ ಕೂತಿದ್ದರು. ಮೇಲಿಂದ ಬಂದವರಿಗೆ ಮೊದಲ ಕೆಲವು ದಿನ ಜನ ಜಾಸ್ತಿ ಅನ್ನಿಸುತ್ತದೆ, ಮಾತು ಜೋರು ಅನ್ನಿಸುತ್ತದೆ. ಅವಸರ ಮಾಡಬಾರದು.

ಕಂಬಳಿ ಹೊದ್ದು ಕುರ್ಚಿಯಲ್ಲಿ ಕೂತ ಗಾಯಕಿ ಶುರು ಮಾಡಿದರು. ದನಿ ಚೆನ್ನಾಗಿತ್ತು, ಆದರೆ ಪ್ರತಿ ಸಾಲಿಗೂ ಉಸಿರು ಸಾಲುತ್ತಿರಲಿಲ್ಲ. ತಾಳ ಇಲ್ಲದೆ ಹಾಡು ಅಲ್ಲಲ್ಲಿ ಕುಸಿಯುತ್ತಿತ್ತು. ಸುಬೇದಾರ್ ಸಾಬ್ ನನ್ನ ಕಡೆ ನೋಡಿದರು. ಲಂಗರಿನಲ್ಲಿ ನಾನು ಡಬ್ಬಿ ಬಡಿಯುವುದನ್ನು ಅವರು ಎಷ್ಟೋ ಸಲ ಕೇಳಿದ್ದರು.

ಸಿಯಾಚಿನ್‌ನಲ್ಲಿ ಎಲ್ಲಿ ಹೋದರೂ ಸಿಗುವುದು ಒಂದೇ ವಸ್ತು, ಸೀಮೆಎಣ್ಣೆಯ ಜೆರಿಕ್ಯಾನ್. ಬೆಚ್ಚಗಿರಲು, ಅಡುಗೆಗೆ, ಹಿಮ ಕರಗಿಸಿ ನೀರು ಮಾಡಲು ಎಲ್ಲದಕ್ಕೂ ಅದೇ. ಖಾಲಿ ಇದ್ದ ಒಂದನ್ನು ತಂದು, ಮಂಡಿ ನಡುವೆ ಇಟ್ಟುಕೊಂಡೆ. ಅಗಲದ ಬದಿಗೆ ಅಂಗೈ, ಮೂಲೆಗೆ ಬೆರಳು. ಹೋಳಿಯಲ್ಲಿ ಜಗ್ಗಲಿಗೆ ಬಡಿದು ಬೆಳೆದ ಕೈ ಇದು. ನಮ್ಮ ಕಡೆ ಗಾಲಿಯಂಥ ದೊಡ್ಡ ವಾದ್ಯಕ್ಕೆ ಚರ್ಮ ಬಿಗಿದು, ಉರುಳಿಸಿಕೊಂಡು ಬಡಿಯುತ್ತಾ ಹೋಗುತ್ತೇವೆ. ಎದೆಯೊಳಗೇ ಗುಡುಗುಟ್ಟುವ ಸದ್ದು. ಜೆರಿಕ್ಯಾನಿಗೆ ಅಷ್ಟು ದನಿ ಇಲ್ಲ. ಆದರೂ ಸಾಕಾಯಿತು. ಗಾಯಕಿ ಉಸಿರಿಗೆ ನಿಂತಾಗ ನಾನು ತಾಳ ತುಂಬುತ್ತಿದ್ದೆ, ಅವರು ಮತ್ತೆ ಹಿಡಿಯುತ್ತಿದ್ದರು. ಹಾಗೆ ನಾಲ್ಕು ಹಾಡಾದವು. ಐದನೆಯದಕ್ಕೆ ಅವರು ಕೈ ಮುಗಿದರು. ಆಗ ಜವಾನರು ಎದ್ದು ನಿಂತು ಚಪ್ಪಾಳೆ ಹೊಡೆದರು. ಬೆಳಗ್ಗೆ ಹೊಡೆದ ಚಪ್ಪಾಳೆಗೂ ಇದಕ್ಕೂ ವ್ಯತ್ಯಾಸ ಕೇಳಿದವರಿಗೇ ಗೊತ್ತು.

ಅಲ್ಲಿಂದ ಮುಂದೆ ಕಾರ್ಯಕ್ರಮ ನಮ್ಮದಾಯಿತು. ಪಂಜಾಬಿನವರು ಭಾಂಗ್ಡಾ ಎತ್ತಿದರು, ಎರಡೇ ಸುತ್ತಿಗೆ ಏದುಸಿರು ಬಂದು ನಗುತ್ತಾ ಕೂತರು. ಪೋರ್ಟರುಗಳು ಲಡಾಖಿ ಕುಣಿತ ಕುಣಿದರು. ನಿಧಾನ, ತುಂಬಾ ನಿಧಾನ. ಕೈ ಮಾತ್ರ ಹಕ್ಕಿಯ ರೆಕ್ಕೆಯ ಹಾಗೆ ತಿರುಗುತ್ತದೆ. ಈ ಎತ್ತರಕ್ಕೆ ಹುಟ್ಟಿದ ಕುಣಿತ ಅದು. ಅವರಿಗೆ ಉಸಿರೇ ಏರಲಿಲ್ಲ.

ನಂತರ ಸುಬೇದಾರ್ ಸಾಬ್, "ಕರ್ನಾಟಕ?" ಎಂದರು. ಇಡೀ ಕ್ಯಾಂಪಿನಲ್ಲಿ ನಾವು ಐದು ಮಂದಿ. ವಿಜಯಪುರದ ಅಡುಗೆಯವನು ಗೀಗೀ ಪದ ತೆಗೆದ. "ಗಿಯ್ಯ ಗಾ ಗಿಯ್ಯ ಗಾ" ಅನ್ನುವಾಗ ಅರ್ಥ ತಿಳಿಯದ ನೂರು ಜನ ಹಿಂದೆ ದನಿ ಕೂಡಿಸಿದರು. ನಾನು ಬಡಿತ ಏರಿಸುತ್ತಾ ಹೋದೆ. ತಲೆ ಎತ್ತಿ ನೋಡಿದರೆ ಚಪ್ಪರದ ಬಾಗಿಲಲ್ಲಿ ಹಾಸನದ ಹುಡುಗ. ಡಾಕ್ಟರ್ ಸಾಬ್ ಒಪ್ಪಿಗೆ ಕೊಟ್ಟಿದ್ದರಂತೆ. ಚಪ್ಪಾಳೆ ಹೊಡೆಯಲು ಕೈ ಇಲ್ಲ. ಬೂಟು ಕಾಲಿನಿಂದ ನೆಲ ಬಡಿಯುತ್ತಿದ್ದ. ಅವನನ್ನು ನೋಡಿ ಹಿಂದಿನ ಸಾಲಿನವರೂ ಕಾಲು ಬಡಿಯಲು ಶುರು ಮಾಡಿದರು. ಮೇಲಿಂದ ಬಂದ ಆ ತುಕಡಿ ಆ ಸಂಜೆ ಮಾಡಿದ ಮೊದಲ ಸದ್ದು ಅದು.

ಬಡಾ ಖಾನಾ ಅದಾದ ಮೇಲೆ. ಅಧಿಕಾರಿ, ಜವಾನ, ಪೋರ್ಟರ್ ಎಲ್ಲ ಒಟ್ಟಿಗೆ ಕೂತು ಉಣ್ಣುವ ಊಟ. ಪೂರಿ, ಮಟನ್, ಪನೀರ್, ಜಾಮೂನು. ಮೇಲಿಂದ ಇಳಿದವರು ಮಟನ್ ಮುಟ್ಟಲಿಲ್ಲ, ಹಸಿ ಸೌತೆಕಾಯಿ, ಮೂಲಂಗಿ ತಟ್ಟೆ ತುಂಬಾ ಹಾಕಿಸಿಕೊಂಡರು. ಅವ್ವನ ರೊಟ್ಟಿ ತಂದು ನಡುವೆ ಇಟ್ಟೆ. ಹತ್ತು ನಿಮಿಷದಲ್ಲಿ ಪಂಜೆ ಒಂದೇ ಉಳಿಯಿತು.

ವಾರ್ಡಿಗೆ ಮರಳಿ ಹುಡುಗನನ್ನು ಮಲಗಿಸುವಾಗ ಅವನು ಕೇಳಿದ. "ಅಣ್ಣ, ಒಂದು ಫೋನ್ ಮಾಡ್ಕೊಡ್ತೀರಾ?"

ನಂಬರ್ ಹೇಳಿದ. ಒತ್ತಿ, ಅವನ ಕಿವಿಗೆ ಹಿಡಿದೆ. ಬೇಡವೆಂದರೂ ಆ ಕಡೆಯ ದನಿ ನನಗೆ ಕೇಳಿಸುತ್ತಿತ್ತು.

"ಅಮ್ಮ, ಬೆರಳಿಗೆ ಚಳಿ ಹೊಡ್ದಿದೆ. ಆಸ್ಪತ್ರೇಲಿ ಇದ್ದೀನಿ. ನಾಳೆ ಲೇಹ್‌ಗೆ ಕಳಿಸ್ತಾರೆ."

ಸ್ವಲ್ಪ ಹೊತ್ತು ಏನೂ ಇಲ್ಲ. ಹಸುವಿನ ಗಂಟೆ ಸದ್ದು ಕೇಳಿಸಿತು.

"ಯಾವ ಕೈ ಮಗ?"

"ಎಡಗೈ."

"ಎಡಗೈ ಅಲ್ವಾ" ಎಂದರು ಆಕೆ. ಮತ್ತೆ ಇನ್ನೊಮ್ಮೆ, "ಎಡಗೈ ಅಲ್ವಾ." ಆಮೇಲೆ ಇಬ್ಬರೂ ಅತ್ತರು. ನನ್ನ ಕೈ ಸೋತರೂ ಫೋನು ಇಳಿಸಲಿಲ್ಲ.

ಹತ್ತನೇ ದಿನ

ಬೆಳಗ್ಗೆ ಆಕಾಶ ತೊಳೆದಂತಿತ್ತು. ಆರೂವರೆಗೆ ಚೀತಾ ಬಂದಿಳಿಯಿತು. ಹುಡುಗನನ್ನು ಹತ್ತಿಸಿ, ಕಾಗದ ಪತ್ರ ಪೈಲಟ್ ಕೈಗೆ ಕೊಟ್ಟೆ. ಸದ್ದಿನಲ್ಲಿ ಅವನು ಏನೋ ಕೂಗಿದ. ಕೇಳಿಸಲಿಲ್ಲ. ಪಟ್ಟಿ ಸುತ್ತಿದ ಬಲಗೈ ಎತ್ತಿ ತೋರಿಸಿದ.

ಚಪ್ಪರ ಬಿಚ್ಚುತ್ತಿದ್ದರು. ಪ್ಯಾರಾಚೂಟುಗಳನ್ನು ಮಡಿಸಿ ಮತ್ತೆ ಉಗ್ರಾಣಕ್ಕೆ. ಓಪಿ ಬಾಬಾನ ಗುಡಿ ಮುಂದೆ ಹೊಸ ತುಕಡಿ ಸಾಲು ನಿಂತು ವರದಿ ಒಪ್ಪಿಸುತ್ತಿತ್ತು. ಸೊಂಟಕ್ಕೆ ಹಗ್ಗ, ಕೈಯಲ್ಲಿ ಹಿಮಗೊಡಲಿ. ಪಕ್ಕದಲ್ಲಿ ಪೋರ್ಟರುಗಳು ಹೊರೆ ಕಟ್ಟಿಕೊಳ್ಳುತ್ತಿದ್ದರು. ಒಬ್ಬನ ಬೆನ್ನಿಗೆ ಏರಿದ ಜೆರಿಕ್ಯಾನಿನ ಬದಿಯಲ್ಲಿ ಅಂಗೈ ಅಗಲದ ತಗ್ಗು ಇತ್ತು. ನಿನ್ನೆ ನಾನೇ ಮಾಡಿದ್ದು. ಈಗ ಅದರ ತುಂಬಾ ಸೀಮೆಎಣ್ಣೆ. ಅವನು ಪಟ್ಟಿ ಬಿಗಿದುಕೊಂಡು, ಕನ್ನಡಕ ಇಳಿಸಿ, ಹಿಮದ ಕಡೆ ಹೆಜ್ಜೆ ಹಾಕಿದ.